ರಬ್ಬರ್ ದೆವ್ವ, ಸಕ್ಕರೆ ಪಾಕದ ರಕ್ತ: ಮಳೆಗಾಲದ ರಾತ್ರಿಗೆ ಕಡಿಮೆ ಬಜೆಟ್ಟಿನ ಹಾರರ್ ಕಾಮಿಡಿ ನೋಡಬಹುದೇ?

ನೋಡಬಹುದು. ಆದರೆ ಸಿಕ್ಕಿದ್ದನ್ನೆಲ್ಲ ನೋಡುತ್ತ ಕೂರಬಾರದು. ಈ ಜಾತಿಯ ಚಿತ್ರಗಳ ರಾಶಿಯಲ್ಲಿ ಜೊಳ್ಳೇ ಹೆಚ್ಚು. ದುಡ್ಡು ಕಡಿಮೆಯಾಯಿತು ಅಂತ ಯಾವ ಚಿತ್ರವೂ ಒಳ್ಳೆಯದಾಗುವುದಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೂ ನೋಡುವವರನ್ನು ಹೆದರಿಸಿಯೇ ತೀರುತ್ತೇವೆ ಎಂದು ಹಟಕ್ಕೆ ಬಿದ್ದು ಮಾಡಿದ್ದರೆ ಮಾತ್ರ ಅದಕ್ಕೆ ಒಂದೂವರೆ ಗಂಟೆ ಕೊಡಬಹುದು. ಕಾಳು ಯಾವುದು, ಜೊಳ್ಳು ಯಾವುದು, ಕರೆಂಟು ಬಂದು ಹೋಗಿ ಮಾಡುವ ಕೊಡಗಿನ ಮಳೆಗಾಲದಲ್ಲಿ ಇವನ್ನು ನೆಟ್ಟಗೆ ಕೂತು ನೋಡುವುದು ಹೇಗೆ ಎಂಬುದು ಇಲ್ಲಿದೆ.

ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಸರಾ ಮೆರವಣಿಗೆಯ ದಶಮಂಟಪಗಳ ಮುಂದೆ ನಿಂತು ಬೆಳಗು ಮಾಡಿದವರಿಗೆ ಇಂಥ ಚಿತ್ರಗಳನ್ನು ಅಳೆಯುವ ಕಣ್ಣು ಆಗಲೇ ಬಂದಿರುತ್ತದೆ. ಟ್ರ್ಯಾಕ್ಟರ್ ಎಳೆಯುವ ಚೌಕಟ್ಟಿನ ಮೇಲೆ ರಾಕ್ಷಸ, ಅವನ ಹಿಂದೆ ಹೊಗೆ, ಬಣ್ಣದ ಬೆಳಕು, ಎದೆಗೇ ಬಡಿಯುವ ಧ್ವನಿವರ್ಧಕ. ರಾಕ್ಷಸನ ಕುತ್ತಿಗೆ ತಿರುಗಿಸುವುದು ಯಂತ್ರ ಅಂತ ನೆರೆದವರಿಗೆಲ್ಲ ಗೊತ್ತು. ಆದರೂ ಆಯುಧ ಇಳಿಯುವ ಹೊತ್ತಿಗೆ ಮಗು ಅಪ್ಪನ ಕುತ್ತಿಗೆ ತಬ್ಬಿಕೊಳ್ಳುತ್ತದೆ, ಹಿಂದೆ ನಿಂತ ಹುಡುಗರು ಶಿಳ್ಳೆ ಹಾಕುತ್ತಾರೆ. ಮೇ ಕೊನೆಯಲ್ಲಿ ದೇವರಪುರದ ಕುಂಡೆ ಹಬ್ಬದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ವೇಷ ಹಾಕಿ, ಡಬ್ಬ ಬಡಿದು, ದೇವರನ್ನೇ ಬಾಯ್ತುಂಬ ಬೈದವರು ಕೊನೆಗೆ ಅದೇ ದೇವರ ಮುಂದೆ ತಲೆಬಾಗುತ್ತಾರೆ. ನಂಬಿಕೆ ಇದ್ದವರು ಬೈದರೆ ಮಾತ್ರ ಆ ಬೈಗುಳಕ್ಕೆ ಬಿಸಿ. ಹಾರರ್ ಕಾಮಿಡಿಗೂ ಇದೇ ಲೆಕ್ಕ. ಚಿತ್ರದೊಳಗಿನವರು ನಿಜವಾಗಿ ಹೆದರಿರಬೇಕು, ನಗು ಅವರ ಆ ಹೆದರಿಕೆಯಿಂದಲೇ ಹುಟ್ಟಬೇಕು. ದೆವ್ವವನ್ನು ತಾನೇ ನಂಬದ ನಿರ್ದೇಶಕ ದೆವ್ವದ ತಮಾಷೆಗೆ ಕೈಹಾಕಿದರೆ ಅತ್ತ ಹೆದರಿಕೆಯೂ ಇಲ್ಲ, ಇತ್ತ ನಗುವೂ ಇಲ್ಲ.

ಕಲ್ಟ್ ಎನ್ನುವ ಮಾತು ಈಗ ಪೋಸ್ಟರಿನ ಮೇಲೇ ಅಚ್ಚಾಗಿ ಬರುತ್ತಿದೆ. ಅದು ನಿರ್ಮಾಪಕರು ತಮಗೆ ತಾವೇ ಕೊಟ್ಟುಕೊಳ್ಳುವ ಬಿರುದಲ್ಲ. ಬಿಡುಗಡೆಯಾದಾಗ ಹೆಚ್ಚು ಜನ ತಿರುಗಿಯೂ ನೋಡದೆ, ಆಮೇಲೆ ಮಧ್ಯರಾತ್ರಿಯ ಪ್ರದರ್ಶನಗಳಲ್ಲೋ ವಿಡಿಯೊ ಕ್ಯಾಸೆಟ್ಟಿನಲ್ಲೋ ಒಬ್ಬರಿಂದ ಒಬ್ಬರಿಗೆ ದಾಟಿ, ಮಾತುಗಳೆಲ್ಲ ಬಾಯಿಪಾಠವಾದ ಮೇಲೆ ನೋಡಿದವರು ಇಡುವ ಹೆಸರು ಅದು.

ಶುರು ಮಾಡಲು ಸ್ಯಾಮ್ ರೈಮಿಯ 'ಈವಿಲ್ ಡೆಡ್ 2' (1987, 84 ನಿಮಿಷ) ಸರಿ. ಮೊದಲ ಭಾಗ ನೋಡಿರಲೇಬೇಕು ಅಂತಿಲ್ಲ. ಅದರ ಕಥೆಯನ್ನು ಎರಡನೆಯದರ ಆರಂಭದಲ್ಲೇ ಹೊಸದಾಗಿ ಚಿತ್ರಿಸಿ, ಚುಟುಕಾಗಿ ಮುಗಿಸಿಬಿಟ್ಟಿದ್ದಾರೆ. 1981ರ ಮೊದಲ ಭಾಗ ಅಚ್ಚ ಹಾರರ್. ಅದರಲ್ಲಿ ಕಾಡಿನ ಮರಬಳ್ಳಿಗಳು ಹೆಣ್ಣೊಬ್ಬಳ ಮೇಲೆ ನಡೆಸುವ ಲೈಂಗಿಕ ಹಿಂಸೆಯ ದೃಶ್ಯವಿದೆ. ಮನೆಮಂದಿ ಜೊತೆ ಕೂತಾಗ ಅದನ್ನು ಹಾಕಬೇಡಿ. ಒಬ್ಬರೇ ನೋಡುವುದಾದರೂ ಆ ದೃಶ್ಯಕ್ಕೆ ಅಲ್ಲಿ ಯಾವ ಅಗತ್ಯವೂ ಇರಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಆದರೂ ಕಡಿಮೆ ದುಡ್ಡಿನ ಪಾಠ ಇರುವುದು ಆ ಮೊದಲ ಭಾಗದಲ್ಲೇ. 1979ರ ನವೆಂಬರಿನಲ್ಲಿ ಅಮೆರಿಕದ ಟೆನೆಸಿಯ ಮಾರಿಸ್‌ಟೌನ್ ಬಳಿ ಕಾಡಿನ ಒಂದು ಪಾಳು ಮನೆಯಲ್ಲಿ ಚಿತ್ರೀಕರಣ ಶುರುವಾಗಿ ಜನವರಿವರೆಗೆ ಎಳೆಯಿತು. ಕೊನೆಕೊನೆಗೆ ಚಳಿ ತಡೆಯಲಾರದೆ ಮನೆಯ ಪೀಠೋಪಕರಣಗಳನ್ನೇ ಉರಿಸಿ ಮೈ ಕಾಯಿಸಿಕೊಂಡರು. ದೆವ್ವ ಹಿಡಿದವರ ಬಿಳಿಗಣ್ಣಿಗೆ ಬಳಸಿದ ದಪ್ಪ ಲೆನ್ಸ್ ಹಾಕುವುದಕ್ಕೇ 10 ನಿಮಿಷ ಬೇಕಿತ್ತು. ಕಣ್ಣಿಗೆ ಗಾಳಿಯಾಡದ ಕಾರಣ ಸುಮಾರು 15 ನಿಮಿಷಕ್ಕೆ ತೆಗೆಯಲೇಬೇಕಿತ್ತು. ಕಾಡಿನೊಳಗಿಂದ ಕಾಣದ ಶಕ್ತಿಯೊಂದು ನೆಲದ ಮಟ್ಟದಲ್ಲೇ ನುಗ್ಗಿ ಬರುತ್ತದಲ್ಲ, ಅದಕ್ಕೆ ಹಳಿಯೂ ಇಲ್ಲ, ಕ್ರೇನೂ ಇಲ್ಲ. ಎರಡಿಂಚು ನಾಲ್ಕಿಂಚಿನ ಮರದ ಪಟ್ಟಿಯ ನಡುವೆ ಕ್ಯಾಮೆರಾ ಬಿಗಿದು, ಎರಡೂ ತುದಿಗೆ ಒಬ್ಬೊಬ್ಬರು ಹಿಡಿದು ಓಡಿದರು, ಅಷ್ಟೇ. ಇಬ್ಬರ ಹೆಜ್ಜೆಯ ಕುಲುಕು ತುದಿಗಳಲ್ಲೇ ಹಂಚಿಹೋಗಿ ನಡುವೆ ಇರುವ ಕ್ಯಾಮೆರಾಕ್ಕೆ ಮುಟ್ಟುವ ಹೊತ್ತಿಗೆ ತಗ್ಗಿರುತ್ತದೆ. ಬರೀ ಕೈಯಲ್ಲಿ ಹಿಡಿದು ಓಡಿದರೆ ಚಿತ್ರ ಪುಟಿದು ಕಣ್ಣು ನೋಯುತ್ತದೆ, ಹಲಗೆಯ ಮೇಲೆ ಅದೇ ಓಟ ತೇಲಿ ಬಂದಂತೆ ಕಾಣುತ್ತದೆ. ಸಂಜೆ ಆರೂವರೆಗೆ ಟಾರ್ಚ್ ಇಲ್ಲದೆ ಕಾಫಿ ತೋಟದ ಒಳದಾರಿಯಲ್ಲಿ ನಡೆದು ಬಂದವರಿಗೆ ಆ ದೃಶ್ಯದ ಹೆದರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಭಾಗಕ್ಕೆ ಸುಮಾರು ಹತ್ತು ಪಟ್ಟು ದುಡ್ಡು ಸಿಕ್ಕಿತು, ನಗುವೂ ಸೇರಿತು. ಅದರಲ್ಲಿ ಗಮನವಿಟ್ಟು ನೋಡಬೇಕಾದ್ದು ಕೈಯ ಪ್ರಸಂಗ. ನಾಯಕನ ಬಲಗೈಗೆ ಮಾತ್ರ ದೆವ್ವ ಹಿಡಿದಿದೆ. ಅಡುಗೆಮನೆಯಲ್ಲಿ ಆ ಕೈ ಒಂದೊಂದೇ ತಟ್ಟೆ ಎತ್ತಿ ಅವನ ತಲೆಗೇ ಕುಕ್ಕಿ ಒಡೆಯುತ್ತದೆ, ಕೂದಲು ಹಿಡಿದು ಎಳೆದಾಡುತ್ತದೆ, ಪ್ರಜ್ಞೆ ತಪ್ಪಿ ಬಿದ್ದವನನ್ನು ನೆಲದ ಮೇಲೆ ಬೆರಳೂರಿ ಎಳೆದೊಯ್ಯುತ್ತದೆ. ನಟ ಬ್ರೂಸ್ ಕ್ಯಾಂಬೆಲ್ ಕೈಗೊಂದು ಜೀವ, ಮೈಗೊಂದು ಜೀವ ಕೊಟ್ಟು ಒಬ್ಬನೇ ಇಬ್ಬರಾಗುತ್ತಾನೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ನಾವು ನಗುತ್ತೇವೆ, ಅವನ ಮುಖದಲ್ಲಿ ಮಾತ್ರ ನಗುವಿನ ಸುಳಿವೂ ಇಲ್ಲ. ಈ ಜಾತಿಯ ಬೇರೆ ಯಾವ ಚಿತ್ರ ನೋಡಿದರೂ ಈ ಐದಾರು ನಿಮಿಷವನ್ನು ಪಕ್ಕದಲ್ಲಿಟ್ಟು ತೂಗಿ.

ಎರಡನೆಯದು ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017, 96 ನಿಮಿಷ). ನಿರ್ದೇಶಕ ಶಿನಿಚಿರೊ ಉಎಡಾ. ಬಜೆಟ್ 30 ಲಕ್ಷ ಯೆನ್, ಅಂದರೆ ಆಗಿನ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಒಳಗೆ. ನಮ್ಮ ಕಡೆ ಒಂದು ದೊಡ್ಡ ಮದುವೆಗೆ ಸಾಲದ ದುಡ್ಡು. ಹೆಸರು ಕೇಳಿರದ ನಟರು. ಸಣ್ಣ ಚಿತ್ರಮಂದಿರದಲ್ಲಿ ಕೆಲವೇ ದಿನ ಓಡಿದ ಚಿತ್ರ ಮರುವರ್ಷ ದೇಶವಿಡೀ ಹಬ್ಬಿ 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಮೊದಲ 37 ನಿಮಿಷ ಒಂದೇ ಒಂದು ಶಾಟ್, ನಡುವೆ ಎಲ್ಲೂ ಕತ್ತರಿ ಇಲ್ಲ. ಪಾಳು ಕಟ್ಟಡ, ಜೊಂಬಿ (ಎದ್ದು ನಡೆದಾಡುವ ಹೆಣ) ಚಿತ್ರ ಮಾಡಲು ಬಂದ ತಂಡ, ನಿಜವಾಗಿ ಬಂದುಬಿಡುವ ಜೊಂಬಿಗಳು. ಆ 37 ನಿಮಿಷ ಸಪ್ಪೆಯಾಗಿಯೇ ಇದೆ. ಮಾತು ಅಲ್ಲಲ್ಲಿ ನಿಂತುಹೋಗುತ್ತದೆ, ಯಾರೋ ಕಾರಣವಿಲ್ಲದೆ ಹೊರಗೆ ಓಡುತ್ತಾರೆ, ಕ್ಯಾಮೆರಾ ನೆಲಕ್ಕೆ ಬಿದ್ದು ಅಲ್ಲೇ ಇರುತ್ತದೆ, ಲೆನ್ಸಿನ ಮೇಲೆ ಚಿಮ್ಮಿದ ರಕ್ತವನ್ನು ಒಂದು ಕೈ ಬಂದು ಒರೆಸುತ್ತದೆ. ಇದೆಂಥ ಕಳಪೆ ಚಿತ್ರ ಅನ್ನಿಸುತ್ತದೆ. ಅಲ್ಲಿ ಅನ್ನಿಸಿದ ಒಂದೊಂದು ತಪ್ಪನ್ನೂ ನೆನಪಿಟ್ಟುಕೊಳ್ಳಿ, ಆಮೇಲೆ ಅಷ್ಟೂ ಬಡ್ಡಿ ಸಮೇತ ವಾಪಸ್ ಬರುತ್ತದೆ. ಇದಕ್ಕಿಂತ ಹೆಚ್ಚು ಹೇಳಿದರೆ ಚಿತ್ರ ಕೆಡಿಸಿದಂತೆ. ನೋಡುವ ಮೊದಲು ಟ್ರೇಲರ್ ಬೇಡ, ಕಥಾಸಾರ ಓದುವುದೂ ಬೇಡ. ಇಪ್ಪತ್ತು ನಿಮಿಷದಲ್ಲಿ ಹಿಡಿಸದ ಚಿತ್ರವನ್ನು ನಿಲ್ಲಿಸಿ ಎನ್ನುವುದು ಈ ಜಾತಿಗೆ ನಮ್ಮ ಸಾಮಾನ್ಯ ಸಲಹೆ, ಅದಕ್ಕೆ ಇದೊಂದೇ ಅಪವಾದ. ಈ ಪಟ್ಟಿಯಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ಇದನ್ನೇ ನೋಡಿ.

'ಟಕರ್ ಆಂಡ್ ಡೇಲ್ ವರ್ಸಸ್ ಈವಿಲ್' (2010, 89 ನಿಮಿಷ) ಮೇಲಿನ ಎರಡರಷ್ಟು ಬಡ ಚಿತ್ರವೇನಲ್ಲ. ಕೊಡಗಿನವರಿಗೆ ಇದು ಬೇರೆಯೇ ರುಚಿ ಕೊಡುತ್ತದೆ ಎಂಬ ಕಾರಣಕ್ಕೆ ಪಟ್ಟಿಗೆ ಬಂದಿದೆ. ಕಾಡಂಚಿನ ಹಳೆಯ ಮನೆಯೊಂದನ್ನು ಕೊಂಡು ರಿಪೇರಿ ಮಾಡಲು ಬಂದ ಇಬ್ಬರು ಹಳ್ಳಿಗರು, ಅವರ ಬಟ್ಟೆ, ಗಡ್ಡ, ಕೈಯಲ್ಲಿರುವ ಹತ್ಯಾರು ನೋಡಿಯೇ ಇವರು ಕೊಲೆಗಾರರು ಎಂದು ತೀರ್ಮಾನಿಸುವ ಪಟ್ಟಣದ ಕಾಲೇಜು ಹುಡುಗರು. ಕಾಡಿನ ಮನೆಯ ಹಾರರ್ ಚಿತ್ರಗಳನ್ನೆಲ್ಲ ಇದು ಮನೆಯ ಒಳಗಿನಿಂದ ತೋರಿಸುತ್ತದೆ. ಕತ್ತಿ ಹಿಡಿದು ತೋಟಕ್ಕೆ ಹೊರಟವರನ್ನು, ಗೋಡೆಗೆ ತೂಗುಹಾಕಿದ ಕೋವಿಯನ್ನು ಹೋಮ್‌ಸ್ಟೇಗೆ ಬಂದ ಅತಿಥಿಗಳು ಒಂದು ಕ್ಷಣ ದಿಟ್ಟಿಸಿ ಸುಮ್ಮನಾಗುವುದನ್ನು ಬಲ್ಲವರಿಗೆ ಇದರ ಹಾಸ್ಯ ಸೀದಾ ಮನೆಗೆ ಬಂದು ಮುಟ್ಟುತ್ತದೆ. ಒಂದು ದೃಶ್ಯ ಹೀಗಿದೆ: ಟಕರ್ ಚೈನ್‌ಸಾದಿಂದ ಮರ ಕೊಯ್ಯುವಾಗ ಜೇನುಗೂಡಿಗೆ ಏಟು ಬೀಳುತ್ತದೆ. ಹುಳುಗಳು ಮುತ್ತಿಕೊಂಡು, ಓಡುತ್ತಿರುವ ಗರಗಸವನ್ನು ಅಡ್ಡಾದಿಡ್ಡಿ ಬೀಸುತ್ತ ಕಿರುಚಿಕೊಂಡು ಅವನು ಓಡಿಬರುತ್ತಾನೆ. ದೂರದಿಂದ ನೋಡಿದ ಹುಡುಗನಿಗೆ ಜೇನು ಕಾಣುವುದಿಲ್ಲ, ಗರಗಸ ಮಾತ್ರ ಕಾಣುತ್ತದೆ. ಹೆಜ್ಜೇನು ಎದ್ದಾಗ ಮನುಷ್ಯ ಹೇಗೆ ಓಡುತ್ತಾನೆಂದು ಕಂಡವರು ಇದಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ ನಗುತ್ತಾರೆ. ಸಾವುಗಳು ರಕ್ತಮಯ, ಆದರೆ ಚಿತ್ರದ ಮನಸ್ಸು ಮೃದು. ಹದಿನಾರು ದಾಟಿದ ಮಕ್ಕಳ ಜೊತೆ ಕೂತು ನೋಡಬಹುದು. ಕೊನೆಯ ಇಪ್ಪತ್ತು ನಿಮಿಷದಲ್ಲಿ ಖಳನೊಬ್ಬನನ್ನು ಎಳೆದು ತಂದು ಮಾಮೂಲಿ ದಾರಿ ಹಿಡಿಯುವುದೊಂದೇ ಇದರ ಕೊರತೆ.

ಪೀಟರ್ ಜಾಕ್ಸನ್ನನ ಮೊದಲ ಚಿತ್ರ 'ಬ್ಯಾಡ್ ಟೇಸ್ಟ್' (1987) ಎಲ್ಲರಿಗೂ ಅಲ್ಲ. ನ್ಯೂಜಿಲೆಂಡಿನಲ್ಲಿ ಕೆಲಸಕ್ಕೆ ಹೋಗುತ್ತ, ಶನಿವಾರ ಭಾನುವಾರ ಗೆಳೆಯರನ್ನು ಕಟ್ಟಿಕೊಂಡು ನಾಲ್ಕು ವರ್ಷ ಚಿತ್ರಿಸಿದ್ದು. ಅನ್ಯಗ್ರಹದವರ ಮುಖವಾಡಗಳನ್ನು ಅಮ್ಮನ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದರು. ಕಡಲ ಬಂಡೆಯ ಅಂಚಿನಲ್ಲಿ ಇಬ್ಬರು ಹೊಡೆದಾಡುವ ದೃಶ್ಯದಲ್ಲಿ ಆ ಇಬ್ಬರೂ ಜಾಕ್ಸನ್ನನೇ. ಒಂದು ಪಾತ್ರಕ್ಕೆ ಗಡ್ಡ ಇದೆ, ಇನ್ನೊಂದಕ್ಕಿಲ್ಲ. ಒಬ್ಬನ ಶಾಟ್‌ಗಳನ್ನು ಒಮ್ಮೆ, ಇನ್ನೊಬ್ಬನವನ್ನು ಬೇರೆ ಕಾಲಕ್ಕೆ ತೆಗೆದು ಅಂಟಿಸಿದ್ದಾರೆ. ಸಿನಿಮಾ ಮಾಡುವ ಆಸೆ ಇರುವ ಹುಡುಗರು ಕಡ್ಡಾಯವಾಗಿ ನೋಡಲಿ. ಬರೀ ಮನರಂಜನೆಗೆ ಕೂರುವವರಿಗೆ ಅರ್ಧ ಗಂಟೆಯಲ್ಲಿ ಸಾಕಾಗಬಹುದು, ಏಕೆಂದರೆ ಕಥೆ ತೆಳು, ಮಾತಿನ ಧ್ವನಿ ಆಮೇಲೆ ಕೂಡಿಸಿದ್ದು, ಸಹ್ಯವಾಗದ ಗಲೀಜೂ ಇದೆ. ವಾಂತಿಯ ದೃಶ್ಯವೊಂದಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಖಂಡಿತ ಬೇಡ.

ಅದೇ ದೇಶದ 'ವಾಟ್ ವಿ ಡು ಇನ್ ದಿ ಶ್ಯಾಡೋಸ್' (2014, 85 ನಿಮಿಷ) ರಕ್ತ ಕಡಿಮೆ ಇರಲಿ ಎನ್ನುವವರಿಗೆ ತಕ್ಕದ್ದು. ಒಂದೇ ಮನೆ ಬಾಡಿಗೆಗೆ ಹಿಡಿದ ರಕ್ತಪಿಶಾಚಿಗಳು ಪಾತ್ರೆ ತೊಳೆಯುವ ಸರದಿ ಯಾರದ್ದು ಅಂತ ಜಗಳ ಆಡುತ್ತಾರೆ. ಹೆದರಿಕೆ ಕಡಿಮೆ, ನಗು ಧಾರಾಳ.

ಇನ್ನು ನಮ್ಮ ಕಡೆಯವು. ರಾಮ್ಸೆ ಸಹೋದರರ ಹಿಂದಿ ಚಿತ್ರಗಳನ್ನು ಕಲ್ಟ್ ಎಂದು ಎತ್ತಿ ಆಡುವವರು ಬಹಳ. 'ದೋ ಗಜ್ ಜಮೀನ್ ಕೆ ನೀಚೆ' (1972) ಚಿತ್ರಕ್ಕೆ ಇಡೀ ಕುಟುಂಬ ಮಹಾಬಲೇಶ್ವರಕ್ಕೆ ಹೋಗಿ ಉಳಿದು, ಕ್ಯಾಮೆರಾ, ಶಬ್ದ, ನಿರ್ದೇಶನ ಎಲ್ಲವನ್ನೂ ಅಣ್ಣತಮ್ಮಂದಿರೇ ಹಂಚಿಕೊಂಡರು. ಆ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೆ ಹಾರರ್ ಕಾಮಿಡಿ ಎಂದು ಅವನ್ನು ಹಾಕಿಕೊಂಡರೆ ಮೋಸ ಹೋಗುತ್ತೀರಿ. 'ಪುರಾನಾ ಮಂದಿರ್' (1984) ಚಿತ್ರದಲ್ಲಿ ರಾಕ್ಷಸನ ಕಥೆ ಒಂದು ಕಡೆ, ಹಾಸ್ಯನಟ ಜಗದೀಪ್ ನಡೆಸುವ 'ಶೋಲೆ' ಅಣಕ ಇನ್ನೊಂದು ಕಡೆ. ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ನಗಿಸುವವನು ದೆವ್ವ ನೋಡಿಲ್ಲ, ದೆವ್ವ ನೋಡಿದವರು ನಗಿಸುವುದಿಲ್ಲ. ಎರಡು ಚಿತ್ರಗಳ ರೀಲು ಕಲೆತುಹೋದಂತೆ. ದಕ್ಷಿಣದ ಎಷ್ಟೋ ಬಂಗಲೆ ದೆವ್ವಗಳ ಚಿತ್ರಗಳೂ ಇದೇ ಗುಂಡಿಗೆ ಬಿದ್ದಿವೆ. ನಾಲ್ವರು ಹಾಸ್ಯನಟರು, ಒಂದು ಹಳೆ ಮನೆ, ಎರಡೂಕಾಲು ಗಂಟೆ. ಅದರಲ್ಲಿ ಸರಕು ಇರುವುದು ಒಂದೂಕಾಲು ಗಂಟೆಗೆ, ಉಳಿದದ್ದಕ್ಕೆ ಎರಡರ್ಥದ ಮಾತು, ದಪ್ಪಗಿರುವವರ ಮೇಲೆ, ಹೆಣ್ಣುಡುಗೆ ಉಟ್ಟ ಗಂಡಸಿನ ಮೇಲೆ ಹಳಸಿದ ತಮಾಷೆ.

ಇದಕ್ಕೆ ವಿರುದ್ಧವಾಗಿ ಮಲಯಾಳಂನ 'ರೋಮಾಂಚಂ' (2023). 2007ರ ಬೆಂಗಳೂರಿನ ಒಂದು ಬಾಡಿಗೆ ಮನೆ, ಕೈಯಲ್ಲಿ ಕಾಸಿಲ್ಲದ ಏಳು ಹುಡುಗರು. ಹೊತ್ತು ಕಳೆಯಲು ಕೇರಂ ಬೋರ್ಡನ್ನು ಬೋರಲು ಹಾಕಿ, ಆತ್ಮಗಳನ್ನು ಕರೆಯುವ ಓಜಾ ಬೋರ್ಡ್ ಮಾಡಿಕೊಳ್ಳುತ್ತಾರೆ. ಮೇಣದಬತ್ತಿ, ಒಂದು ಲೋಟ, ಬಳಪದ ಅಕ್ಷರ. ಇಷ್ಟೇ ಸಾಮಾನು. ದೆವ್ವ ಬಂತೋ ಇಲ್ಲವೋ ಎಂಬ ಅನುಮಾನದಲ್ಲೇ ಚಿತ್ರ ನಡೆಯುತ್ತದೆ, ಹುಡುಗರ ಹೆದರಿಕೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಷ್ಟು ನಿಜ. ಕೊನೆ ಪೂರ್ತಿಯಾಗದೆ ಎರಡನೇ ಭಾಗಕ್ಕೆ ಕಾಯಿಸುವುದು ಬೇಸರದ ಸಂಗತಿ. 2025ರ ಜುಲೈಯಲ್ಲಿ ಬಂದ ಜೆ.ಪಿ. ತುಮಿನಾಡ್ ಅವರ 'ಸು ಫ್ರಮ್ ಸೋ' ಕಲ್ಟ್ ಅಲ್ಲವೇ ಅಲ್ಲ, ಅದು ಊರಿಗೆ ಊರೇ ನೋಡಿದ ಚಿತ್ರ. ಆದರೆ ಕಡಿಮೆ ದುಡ್ಡಿನಲ್ಲಿ ಕನ್ನಡದ ಹಾರರ್ ಕಾಮಿಡಿ ಹೇಗಿರಬೇಕು ಎಂಬುದಕ್ಕೆ ಈಗ ಕೈ ತೋರಿಸಲು ಅದೊಂದಿದೆ. ಅವಮಾನ ತಪ್ಪಿಸಿಕೊಳ್ಳಲು ಒಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರು ನಂಬುತ್ತದೆ, ಆಮೇಲೆ ನಟನೆಯಿಂದ ಹೊರಬರಲು ದಾರಿಯೇ ಇಲ್ಲ. ಇಲ್ಲಿ ಗ್ರಾಫಿಕ್ಸಿನ ದೆವ್ವಕ್ಕೆ ಕೆಲಸವಿಲ್ಲ, ಊರಿನ ನಂಬಿಕೆಯೇ ದೆವ್ವ.

ಕೊಡಗಿಗೆ ಬಂದು ಚಿತ್ರೀಕರಿಸುವ ತಂಡಗಳ ಬಗ್ಗೆ ಎರಡು ಮಾತು. ಹಳೆ ಎಸ್ಟೇಟ್ ಬಂಗಲೆ, ಮಂಜು, ಮಳೆ ಎಲ್ಲವೂ ಇಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಬರುತ್ತಾರೆ. ಮಳೆಗಾಲದ ಕಾಡಿನಲ್ಲಿ ಹೆಜ್ಜೆ ಇಟ್ಟಾಗಲೆಲ್ಲ ಒಣಗಿದ ಎಲೆ ಚರಚರ ಎನ್ನುವ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂಡಿಸುತ್ತಾರೆ. ಜುಲೈಯಲ್ಲಿ ನಮ್ಮ ನೆಲದ ಎಲೆ ಸದ್ದೇ ಮಾಡುವುದಿಲ್ಲ, ಅದು ಕೊಳೆತ ಹಾಸಿಗೆ. ಹೆಜ್ಜೆಯ ಸದ್ದು ಕೇಳದೇ ಇರುವುದೇ ಅಲ್ಲಿ ಹೆದರಿಕೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ರಾತ್ರಿಯಿಡೀ ಕಾಡಿನಲ್ಲಿ ಓಡಿದವರ ಕಾಲಿಗೆ ಒಂದೇ ಒಂದು ಜಿಗಣೆ ಇರುವುದಿಲ್ಲ. ಹೊಗೆ ಯಂತ್ರದ ಹೊಗೆ ಒಂದು ಮೂಲೆಯಿಂದ ಸುರುಳಿಯಾಗಿ ಏಳುವುದು ಕಣ್ಣಿಗೆ ಹೊಡೆಯುತ್ತದೆ. ನಿಜವಾದ ಮಂಜು ಏಳುವುದಿಲ್ಲ, ದೂರದ ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ಅಳಿಸುತ್ತ ಹತ್ತಿರ ಬರುತ್ತದೆ. ಇಷ್ಟನ್ನು ಸುಮ್ಮನೆ ನೋಡಿ ಬಳಸಿಕೊಂಡರೆ ಅರ್ಧ ಖರ್ಚೇ ಉಳಿಯುತ್ತಿತ್ತು.

ಕಡಿಮೆ ಬಜೆಟ್ಟಿನ ಚಿತ್ರವನ್ನು ಅದರ ರಕ್ತ ನೋಡಿಯೂ ತೂಗಬಹುದು. ಈವಿಲ್ ಡೆಡ್ ತಂಡ ಮೆಕ್ಕೆಜೋಳದ ಸಿಹಿ ಪಾಕಕ್ಕೆ ಕೆಂಪು ಬಣ್ಣ, ಕಾಫಿಗೆ ಹಾಕುವ ಕ್ರೀಮರ್ ಪುಡಿ ಬೆರೆಸಿತು. ಬರೀ ಪಾಕಕ್ಕೆ ಬಣ್ಣ ಹಾಕಿದರೆ ಅದು ಪಾರದರ್ಶಕವಾಗಿ ಶರಬತ್ತಿನಂತೆ ಕಾಣುತ್ತದೆ, ಪುಡಿ ಸೇರಿದಾಗಲೇ ಬೆಳಕನ್ನು ತಡೆದು ರಕ್ತವೆನಿಸುತ್ತದೆ. ಕಿರುಚಿತ್ರ ಮಾಡುವವರಿಗೆ ಇಲ್ಲಿನ ಸಾಮಾನಿನಲ್ಲಿ ಅಳತೆ ಹೀಗಿರಲಿ: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ದ್ರವ ಗ್ಲೂಕೋಸ್ 250 ಮಿ.ಲೀ., ಬಿಸಿನೀರು 3 ದೊಡ್ಡ ಚಮಚ, ಕೆಂಪು ಆಹಾರ ಬಣ್ಣ 2 ಟೀ ಚಮಚ, ಕೋಕೋ ಪುಡಿ 1 ಟೀ ಚಮಚ, ನೀಲಿ ಬಣ್ಣ ಒಂದೆರಡೇ ಹನಿ. ಕೋಕೋವನ್ನು ಮೊದಲು ಬಿಸಿನೀರಲ್ಲಿ ಕದಡದಿದ್ದರೆ ಗಂಟುಗಂಟಾಗಿ ಕೆನ್ನೆಯ ಮೇಲೆ ಮಣ್ಣಿನಂತೆ ನಿಲ್ಲುತ್ತದೆ. ನೀಲಿ ಹೆಚ್ಚಾದರೆ ನೇರಳೆ ಜ್ಯೂಸ್. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಇದೇ ಮಿಶ್ರಣ ಗುಲಾಬಿಗೆ ತಿರುಗುತ್ತದೆ, ಹಳದಿ ಬಲ್ಬಿನಲ್ಲಿ ಕಂದಾಗುತ್ತದೆ. ಹಾಗಾಗಿ ಚಿತ್ರೀಕರಿಸುವ ಬೆಳಕಿನಲ್ಲೇ ಬಣ್ಣ ಹೊಂದಿಸಬೇಕು. ಒಣಗಿದರೆ ಅಂಟು, ಇರುವೆ ಗ್ಯಾರಂಟಿ, ಬಿಳಿ ಬಟ್ಟೆಯಿಂದ ಬಣ್ಣ ಹೋಗುವುದಿಲ್ಲ. 1968ರ ಕಪ್ಪು ಬಿಳುಪಿನ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ ಈ ತಾಪತ್ರಯವೇ ಇರಲಿಲ್ಲ, ಅಲ್ಲಿ ಚಾಕೊಲೇಟ್ ಸಿರಪ್ಪೇ ರಕ್ತ.

ನೋಡುವವರು ಗಮನಿಸಬೇಕಾದ್ದು ಇಷ್ಟು. ರಬ್ಬರ್ ತಲೆ, ಪಾಕದ ರಕ್ತ ಎಷ್ಟೇ ಒರಟಾಗಿದ್ದರೂ ನಟನ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬೀಳುತ್ತದೆ, ನೆರಳೂ ಅದೇ ಗೋಡೆಗೆ ಬೀಳುತ್ತದೆ, ನಟನ ಕೈಗೆ ಹಿಡಿಯಲು ಏನೋ ಒಂದು ಸಿಗುತ್ತದೆ. ಅಗ್ಗದ ಗ್ರಾಫಿಕ್ಸಿನಲ್ಲಿ ಈ ಮೂರೂ ಇರುವುದಿಲ್ಲ. ನಟ ಖಾಲಿ ಗಾಳಿಯನ್ನು ನೋಡಿ ಕಿರುಚಿದ್ದು ಕಣ್ಣಲ್ಲೇ ಗೊತ್ತಾಗುತ್ತದೆ. ಹಳೆಯ ರಬ್ಬರ್ ಚಿತ್ರಗಳು ನಲವತ್ತು ವರ್ಷ ದಾಟಿಯೂ ನಿಂತಿರುವುದಕ್ಕೆ, ಹತ್ತು ವರ್ಷದ ಹಿಂದಿನ ಅಗ್ಗದ ಗ್ರಾಫಿಕ್ಸ್ ದೆವ್ವ ಈಗಾಗಲೇ ಮಕ್ಕಳ ಆಟದಂತೆ ಕಾಣುವುದಕ್ಕೆ ಇದೇ ಕಾರಣ. ಬೇಕೆಂದೇ ಕೆಟ್ಟದಾಗಿ ಮಾಡಿ, ನೋಡಿ ನಾವೆಷ್ಟು ಕಳಪೆ ಎಂದು ಪ್ರೇಕ್ಷಕರಿಗೆ ಕಣ್ಣು ಮಿಟುಕಿಸುವ ಚಿತ್ರಗಳೂ ಈಚೆಗೆ ಹೆಚ್ಚಾಗಿವೆ. ಅವನ್ನು ಧಾರಾಳವಾಗಿ ಬಿಡಿ. ಅಲ್ಲಿ ಶ್ರಮವಿಲ್ಲ.

ಈಗ ನೋಡುವ ಏರ್ಪಾಡು. ಇಂಥ ಚಿತ್ರಗಳು ನಮ್ಮ ಊರುಗಳ ಚಿತ್ರಮಂದಿರಕ್ಕೆ ಬರುವುದು ಅಪರೂಪ, ಮನೆಯಲ್ಲೇ ನೋಡಬೇಕು. ತೋಟದ ಮನೆಗಳಲ್ಲಿ ನೆಟ್‌ವರ್ಕ್ ಏರಿಳಿಯುವಾಗ ಆನ್‌ಲೈನಿನಲ್ಲಿ ಹಚ್ಚಿದರೆ ಮೊದಲು ಕೆಡುವುದು ಕತ್ತಲೆ. ಡೇಟಾ ಕಡಿಮೆಯಾದಾಗ ಕಪ್ಪು ಭಾಗಗಳು ಚೌಕಚೌಕವಾಗಿ ಒಡೆಯುತ್ತವೆ. ಹಾರರ್ ಚಿತ್ರದ ಮುಕ್ಕಾಲು ಭಾಗ ಕತ್ತಲೆಯೇ ಆದ್ದರಿಂದ ದೆವ್ವ ಬಂದದ್ದೂ ಕಾಣುವುದಿಲ್ಲ. ಪೇಟೆಗೆ ಹೋದಾಗ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಲವು ಆ್ಯಪ್‌ಗಳಲ್ಲಿ ಫೋನಿಗೆ ಇಳಿಸಿಕೊಂಡದ್ದು ಟಿವಿಗೆ ಬಿತ್ತರವಾಗುವುದಿಲ್ಲ, ಅದನ್ನು ಹಿಂದಿನ ದಿನವೇ ಪರೀಕ್ಷಿಸಿ.

ಟಿವಿಯಲ್ಲಿ ಪಿಕ್ಚರ್ ಮೋಡ್ ಅನ್ನು ವಿವಿಡ್‌ನಿಂದ ಸಿನಿಮಾಕ್ಕೆ ಬದಲಿಸಿ, ಮೋಷನ್ ಸ್ಮೂತಿಂಗ್ ಪೂರ್ತಿ ಆರಿಸಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನೇ ಫ್ರೇಮ್ ಕೂಡಿಸಿದರೆ ಎಲ್ಲವೂ ಧಾರಾವಾಹಿಯಂತೆ ನುಣ್ಣಗಾಗಿ ಮುಖವಾಡದ ಅಂಚು, ಅಂಟಿನ ಗೆರೆ ಎದ್ದು ಕಾಣುತ್ತವೆ. 16 ಎಂ.ಎಂ. ಫಿಲ್ಮಿನ ಹಳೆ ಚಿತ್ರಗಳಲ್ಲಿ ಕಾಣುವ ಮರಳು ಮರಳಾದ ಕಾಳು ದೋಷವಲ್ಲ, ಅದನ್ನು ತೆಗೆಯಲು ನಾಯ್ಸ್ ರಿಡಕ್ಷನ್ ಹಾಕಬೇಡಿ.

ಧ್ವನಿಯದೇ ದೊಡ್ಡ ಸಮಸ್ಯೆ. ಶೀಟು ಹೊದಿಸಿದ ಕೋಣೆಯಲ್ಲಿ ಜುಲೈ ಮಳೆಗೆ ಪಕ್ಕದವರ ಮಾತೇ ಕೇಳದು. ಮರದ ಅಟ್ಟ ಇರುವ ಒಳಕೋಣೆ ಇದ್ದರೆ ಅಲ್ಲಿಗೆ ಟಿವಿ ತನ್ನಿ. ಹಾರರ್ ಚಿತ್ರಗಳಲ್ಲಿ ಪಿಸುಮಾತಿಗೂ ಕಿರುಚಾಟಕ್ಕೂ ಅಂತರ ಬಹಳ. ಪಿಸುಮಾತು ಕೇಳಲೆಂದು ಧ್ವನಿ ಏರಿಸಿದರೆ ಮುಂದಿನ ಕಿರುಚಾಟಕ್ಕೆ ಮಲಗಿದ ಅಜ್ಜಿ ಎದ್ದು ಕೂರುತ್ತಾರೆ. ಸೌಂಡ್ ಸೆಟ್ಟಿಂಗಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ, ಅದು ಆ ಅಂತರವನ್ನು ತಗ್ಗಿಸುತ್ತದೆ. ಬ್ಲೂಟೂತ್ ಸ್ಪೀಕರ್ ಬೇಡ. ಸದ್ದು ಕೂದಲೆಳೆಯಷ್ಟು ತಡವಾಗಿ ಬಂದರೂ ತಟ್ಟೆ ಒಡೆದ ಮೇಲೆ ಠಣ್ ಎಂದು ಕೇಳಿ ನಗುವೇ ಸತ್ತುಹೋಗುತ್ತದೆ. ತಂತಿಯ ಸ್ಪೀಕರೇ ಸರಿ. ಹಿಂದಿ ಡಬ್ಬಿಂಗ್ ಬಿಟ್ಟು ಮೂಲ ಧ್ವನಿಯಲ್ಲಿ ಸಬ್‌ಟೈಟಲ್ ಹಾಕಿ ನೋಡಿ. ಮಾತು ಮುಗಿಯುವ ಮೊದಲೇ ಸಾಲು ಓದಿಬಿಡುವುದರಿಂದ ಕೆಲವು ನಗೆಮಾತು ಮುಂಚೆಯೇ ಸಿಡಿಯುತ್ತದೆ. ಮಳೆಯಲ್ಲಿ ಏನೂ ಕೇಳದೇ ಹೋಗುವುದಕ್ಕಿಂತ ಅದು ವಾಸಿ.

ಕರೆಂಟಿನ ಲೆಕ್ಕ. 12 ವೋಲ್ಟ್, 150 ಎ.ಎಚ್. ಬ್ಯಾಟರಿಯಲ್ಲಿ 1,800 ವಾಟ್-ಅವರ್ ಇದ್ದರೂ ಕೈಗೆ ಸಿಗುವುದು ಸುಮಾರು 1,200 ಎಂದಿಟ್ಟುಕೊಳ್ಳಿ. 43 ಇಂಚಿನ ಟಿವಿಗೆ 100 ವಾಟ್, ಸ್ಪೀಕರಿಗೆ 30, ಒಂದು ಬಲ್ಬ್, ರೂಟರ್ ಸೇರಿ 25. ಹೊಸ ಬ್ಯಾಟರಿಯಾದರೆ ಎರಡು ಚಿತ್ರ ಆರಾಮ. ನಾಲ್ಕು ವರ್ಷ ಹಳೆಯದಾದರೆ ಅರ್ಧವೇ ಲೆಕ್ಕ ಹಿಡಿಯಿರಿ, ಫ್ರಿಜ್ಜನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ. ಇನ್ವರ್ಟರಿನ ಹಿಂದಿನ ಸ್ವಿಚ್ ಯುಪಿಎಸ್ ಕಡೆಗಿರಲಿ. ಇನ್ನೊಂದು ಕಡೆಗಿದ್ದರೆ ಕರೆಂಟು ಹೋದಾಗ ಬದಲಾವಣೆ ನಿಧಾನವಾಗಿ ಟಿವಿ ಆರಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಹೋಮ್‌ಸ್ಟೇಯಲ್ಲಿ ಲ್ಯಾಂಪಿನ ಪ್ರೊಜೆಕ್ಟರ್ ಇದ್ದರೆ ಅದಕ್ಕೇ 250ರಿಂದ 300 ವಾಟ್ ಬೇಕು. ಕರೆಂಟು ಒಮ್ಮೆಲೇ ಹೋಗಿ ಒಳಗಿನ ಫ್ಯಾನ್ ನಿಂತರೆ ಬಿಸಿ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಇನ್ವರ್ಟರ್ ಇಲ್ಲದೆ ಅದನ್ನು ಹಚ್ಚಲೇಬೇಡಿ.

ಒಂದು ರಾತ್ರಿಗೆ ಎರಡು ಸಾಕು. ಏಳೂವರೆಗೆ ಟಕರ್ ಆಂಡ್ ಡೇಲ್, ಒಂಬತ್ತಕ್ಕೆ ಊಟ, ಹತ್ತಕ್ಕೆ ಜಪಾನಿನ ಚಿತ್ರ. ರಕ್ತ ಕಡಿಮೆ ಇರಲಿ ಎನ್ನುವವರು ಗುಂಪಿನಲ್ಲಿದ್ದರೆ ಮೊದಲನೆಯದರ ಬದಲು ರಕ್ತಪಿಶಾಚಿಗಳ ಬಾಡಿಗೆ ಮನೆ. ಈವಿಲ್ ಡೆಡ್ 2 ಇನ್ನೊಂದು ದಿನಕ್ಕಿರಲಿ, ಒಂದೇ ರಾತ್ರಿ ಹಾಕಿದರೆ ಅದರ ಗದ್ದಲದ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಎರಡನೆಯದು ಹಾಕುವ ಮೊದಲು ಇನ್ವರ್ಟರಿನ ದೀಪ ನೋಡಿ, ಕಾಫಿ ಫ್ಲಾಸ್ಕಿಗೆ ತುಂಬಿ ಪಕ್ಕದಲ್ಲೇ ಇಟ್ಟುಕೊಳ್ಳಿ. 37ನೇ ನಿಮಿಷದ ಹೊತ್ತಿಗೆ ಪರದೆಯ ಮೇಲೆ ಹೆಸರುಗಳು ಓಡತೊಡಗುತ್ತವೆ. ಚಿತ್ರ ಮುಗಿಯಿತೆಂದು ಯಾರಾದರೂ ಲೈಟ್ ಹಾಕಲು ಎದ್ದರೆ ಕೈಹಿಡಿದು ಕೂರಿಸಿ.